ಕೈಗೆ ಬೇಡ, ಕಂಡಕ್ಟರಿಗೆ ಕೊಡಿ: ಕಷ್ಟದ ಕಥೆ ಹೇಳಿ ದುಡ್ಡು ಕೇಳುವವರ ಬಗ್ಗೆ ಒಂದು ಬಹಿರಂಗ ಪತ್ರ

ಕೆಎಸ್‌ಆರ್‌ಟಿಸಿ ವ್ಯವಸ್ಥಾಪಕ ನಿರ್ದೇಶಕರಿಗೆ, ಬೆಂಗಳೂರು ನಗರ ಪೊಲೀಸ್ ಆಯುಕ್ತರಿಗೆ, ನಗರದ ದೊಡ್ಡ ಆಸ್ಪತ್ರೆಗಳ ವೈದ್ಯಕೀಯ ಅಧೀಕ್ಷಕರಿಗೆ, ಮತ್ತು ದಾರಿಯಲ್ಲಿ ಯಾರಾದರೂ ಕೈಚಾಚಿದರೆ ನಿಂತು ಕೇಳಿಸಿಕೊಳ್ಳುವ ಎಲ್ಲರಿಗೂ,

ನಮಸ್ಕಾರ.

“ಅಣ್ಣಾ, ಒಂದ್ನಿಮಿಷ. ತಪ್ಪು ತಿಳ್ಕೋಬೇಡಿ, ನಾನು ಭಿಕ್ಷೆ ಬೇಡೋನಲ್ಲ.” ಮೆಜೆಸ್ಟಿಕ್ಕಿನ ಸುರಂಗದಾರಿಯಲ್ಲಿ, ಯಶವಂತಪುರ ನಿಲ್ದಾಣದ ಬಾಗಿಲಲ್ಲಿ, ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದ ಹೊರಗೆ ಈ ಪೀಠಿಕೆ ಕೇಳದೆ ಬೆಂಗಳೂರಿನಲ್ಲಿ ನಾಲ್ಕು ವರ್ಷ ಕಳೆದವರು ಅಪರೂಪ. ಮುಂದಿನದು ಎಲ್ಲರಿಗೂ ಬಾಯಿಪಾಠ. ಇಂಟರ್‌ವ್ಯೂಗೆ ಬಂದಿದ್ದೆ, ಬಸ್ಸಿನಲ್ಲಿ ಪರ್ಸು ಹೋಯ್ತು, ಫೋನೂ ಹೋಯ್ತು, ಊರು ಹುಬ್ಬಳ್ಳಿ ಕಡೆ, ಟಿಕೆಟ್ಟಿಗೆ ಇನ್ನೂರು ಕಡಿಮೆ ಬಿದ್ದಿದೆ, ನಿಮ್ಮ ನಂಬರ್ ಕೊಡಿ, ನಾಳೆ ಬೆಳಿಗ್ಗೆನೇ ಹಾಕ್ತೀನಿ. ಹತ್ತು ಜನ ಹೇಳುವ ಈ ಕಥೆಯಲ್ಲಿ ಒಬ್ಬನದು ನಿಜವಾಗಿರುತ್ತದೆ. ಉಳಿದವರಿಂದಾಗಿ ಆ ಒಬ್ಬನಿಗೂ ಯಾರೂ ಕೊಡುವುದಿಲ್ಲ. ಈ ಪತ್ರ ಅವನ ಸಲುವಾಗಿ.

ಸಹಾಯ ಕೇಳಿ ಬರುವವರ ಮಾತನ್ನು ವಿಚಾರಿಸಿ ನೋಡಿ, ದಿಟವಾದರೆ ದಾರಿ ತೋರಿಸುವ ಕೆಲಸ ಮಾಡುವವರು ನಾವು. ನಾವು ಹೇಳಬೇಕೆಂದಿರುವುದು ಇಷ್ಟೇ: ಊರಿಗೆ ಹೋಗಲು, ಹಸಿವು ತೀರಿಸಲು, ಆಸ್ಪತ್ರೆ ಬಿಲ್ಲು ಕಟ್ಟಲು ಸರ್ಕಾರದ್ದೇ ವ್ಯವಸ್ಥೆಗಳಿವೆ. ಅವು ಕೇಳುವವನು ನಿಂತ ಜಾಗದಿಂದ ನೂರಿನ್ನೂರು ಹೆಜ್ಜೆ ದೂರದಲ್ಲೇ ಇರುತ್ತವೆ. ಕೇಳುವವನಿಗೂ ಅದು ಕಾಣುವುದಿಲ್ಲ, ಕೊಡುವವನಿಗೂ ಕಾಣುವುದಿಲ್ಲ. ಹಾಗೆ ಕಾಣದಿರುವ ನೂರು ಹೆಜ್ಜೆಯಲ್ಲೇ ಸುಳ್ಳುಗಾರನ ವ್ಯಾಪಾರ ನಡೆಯುತ್ತಿದೆ.

ಮೊದಲು ಆ ವ್ಯಾಪಾರದ ಕಸುಬು ನೋಡೋಣ, ಏಕೆಂದರೆ ಅದು ನಿಜಕ್ಕೂ ಕಸುಬೇ. ಒಂಟಿಯಾಗಿ ನಡೆಯುವವರನ್ನೇ ಹಿಡಿಯುತ್ತಾರೆ, ಇಬ್ಬರಿದ್ದರೆ ಒಬ್ಬರು ಇನ್ನೊಬ್ಬರ ತೋಳು ಎಳೆದುಕೊಂಡು ಹೋಗಿಬಿಡುತ್ತಾರಲ್ಲ. ಎಟಿಎಮ್ಮಿನಿಂದ ಹೊರಬಂದವರು ಇನ್ನೂ ಒಳ್ಳೆಯ ಗಿರಾಕಿ. ಮೊದಲು ದುಡ್ಡು ಕೇಳುವುದಿಲ್ಲ, ದಾರಿಯನ್ನೋ ಗಂಟೆಯನ್ನೋ ಕೇಳುತ್ತಾರೆ. ಒಮ್ಮೆ ನಿಂತು ಉತ್ತರ ಕೊಟ್ಟ ಮೇಲೆ ಅರ್ಧದಲ್ಲಿ ತಿರುಗಿ ನಡೆಯಲು ನಮಗೇ ಸಂಕೋಚ. ಮೊತ್ತ ದುಂಡಾಗಿರುವುದಿಲ್ಲ: “ನೂರಾ ಎಂಬತ್ಮೂರು ರೂಪಾಯಿ ಸಾರ್” ಎಂದರೆ ಲೆಕ್ಕ ಹಾಕಿ ಕೇಳಿದಂತೆ ಕೇಳಿಸುತ್ತದೆ. ಬಟ್ಟೆ ಇಸ್ತ್ರಿಯದು, ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ವಾಪಸ್ ಕೊಡುತ್ತೇನೆಂದು ನಿಮ್ಮ ನಂಬರ್ ಬರೆದುಕೊಳ್ಳುವುದೂ ನಾಟಕದ ಭಾಗವೇ, ಆಗ ಅದು ದಾನವಾಗದೆ ಕೈಸಾಲವಾಗುತ್ತದೆ; ಸಾಲ ಕೊಡುವಾಗ ಮನಸ್ಸು ಅಷ್ಟು ಬಿಗಿ ಹಿಡಿಯುವುದಿಲ್ಲ.

ಇಲ್ಲಿ ಜನ ಮಾಡುವ ಪರೀಕ್ಷೆಗಳಲ್ಲಿ ಹೆಚ್ಚಿನವು ತಲೆಕೆಳಗು. “ಆಧಾರ್ ತೋರ್ಸು” ಎನ್ನುತ್ತಾರೆ. ಪರ್ಸು ನಿಜವಾಗಿ ಕಳೆದುಕೊಂಡವನ ಬಳಿ ಆಧಾರ್ ಹೇಗಿರುತ್ತದೆ? ಕಾರ್ಡು, ಚೀಟಿ, ಮುದ್ರೆ ಹಾಕಿದ ಪತ್ರ ಎಲ್ಲವನ್ನೂ ಜೋಡಿಸಿಟ್ಟುಕೊಂಡು ಬಂದವನನ್ನೇ ಹೆಚ್ಚು ಅನುಮಾನಿಸಬೇಕು. ಮಾತು ತೊದಲಿದರೆ ಸುಳ್ಳು ಎಂದುಕೊಳ್ಳುತ್ತಾರೆ. ನಿಜವಾದ ಕಂಗಾಲಿನಲ್ಲಿ ಮಾತು ಹಿಂದುಮುಂದಾಗುವುದೇ ಸಹಜ, ನಲವತ್ತು ಸಲ ಹೇಳಿದ ಕಥೆಯೇ ನೀರು ಕುಡಿದಷ್ಟು ಸಲೀಸು. ಇನ್ನು ಭಾಷೆ, ಬಟ್ಟೆ, ಬಣ್ಣ ನೋಡಿ ತೀರ್ಮಾನಿಸುವುದಂತೂ ಬೇಡವೇ ಬೇಡ. ಆ ವಿಷಯಕ್ಕೆ ಆಮೇಲೆ ಬರುತ್ತೇವೆ.

ಹಾಗಾದರೆ ಮಾಡಬೇಕಾದದ್ದು? ಕಥೆಯನ್ನು ಪರೀಕ್ಷಿಸುವ ಗೋಜಿಗೇ ಹೋಗಬೇಡಿ. ಕೇಳಿದ್ದು ಊರಿಗೆ ಹೋಗುವ ಬಸ್ಸು ತಾನೇ? “ಬನ್ನಿ, ಬಸ್ ಹತ್ತಿಸ್ತೀನಿ” ಎಂದು ಪ್ಲಾಟ್‌ಫಾರ್ಮಿನ ಕಡೆ ನಡೆಯಿರಿ. ಅಷ್ಟಕ್ಕೇ ಎಷ್ಟೋ ಜನಕ್ಕೆ ಬೇರೆ ಕೆಲಸ ನೆನಪಾಗುತ್ತದೆ. ಜೊತೆಗೆ ಬಂದರೆ ಬಸ್ಸಿನೊಳಗೆ ಕೂರಿಸಿ, ಕಂಡಕ್ಟರ್ ಬಳಿ ಊರಿನ ಹೆಸರು ಹೇಳಿ, ದುಡ್ಡು ಕಂಡಕ್ಟರ್ ಕೈಗೇ ಕೊಡಿ. ಈಗ ಬಹುತೇಕ ಬಸ್ಸುಗಳಲ್ಲಿ ಟಿಕೆಟ್ ಯಂತ್ರದ ಪರದೆಯ ಮೇಲೇ ಕ್ಯೂಆರ್ ಬರುತ್ತದೆ, ಫೋನಿನಿಂದಲೇ ಪಾವತಿಸಬಹುದು. ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಟಿಕೆಟ್ಟನ್ನು ಮರಳಿಸಿ ನಗದು ಪಡೆಯಲು ಆಗುವುದಿಲ್ಲ. ಇದು ಮುಖ್ಯ. ಕೌಂಟರಿನಲ್ಲಿ ಮುಂಗಡ ಕಾಯ್ದಿರಿಸಿದ ಟಿಕೆಟ್ ಕೊಡಿಸಿದರೆ ನೀವು ಬೆನ್ನು ತಿರುಗಿಸಿದ ಮೇಲೆ ಅದನ್ನು ರದ್ದು ಮಾಡಿಸಬಹುದು. ರೈಲಿನ ಸಾಮಾನ್ಯ ಬೋಗಿಯ ಟಿಕೆಟ್ಟೂ ಅಷ್ಟೇ: ಮೂರು ಗಂಟೆಯೊಳಗೆ ಕಿಟಕಿಗೆ ಮರಳಿಸಿದರೆ ತಲಾ 30 ರೂಪಾಯಿ ಹಿಡಿದುಕೊಂಡು ಉಳಿದದ್ದನ್ನು ಕೈಗೆ ಕೊಡುತ್ತಾರೆ. ಆದರೂ ರೈಲು ಅಗ್ಗ, ಹುಬ್ಬಳ್ಳಿಗೆ ಸಾಮಾನ್ಯ ಬೋಗಿಯ ದರ ಬಸ್ಸಿನ ದರದ ಅರ್ಧಕ್ಕೂ ಕಡಿಮೆ. ರೈಲೇ ಆದರೆ ಗಾಡಿ ಹೊರಡುವ ಹೊತ್ತಿಗೆ ಟಿಕೆಟ್ ತೆಗೆದು, ಬೋಗಿ ಹತ್ತಿಸಿ ಬನ್ನಿ.

ಕೇಳುವವರು ಹೆಂಗಸಾಗಿದ್ದರೆ ಇನ್ನೊಂದು ಮಾತಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಬೀದರಿನವರೆಗೂ ಇಲ್ಲ, ಕಾರವಾರದವರೆಗೂ ಇಲ್ಲ. ಚಿತ್ರದುರ್ಗಕ್ಕೆ ಬಸ್ ಚಾರ್ಜ್ ಬೇಕು ಎನ್ನುವ ಅಕ್ಕನಿಗೆ “ಫ್ರೀ ಬಸ್ ಇದೆಯಲ್ಲಮ್ಮ” ಎಂದರೆ ಮಾತು ಅಲ್ಲಿಗೆ ಮುಗಿಯಬೇಕು. ಮುಗಿಯುವುದಿಲ್ಲ, ಏಕೆಂದರೆ ಯೋಜನೆಯಲ್ಲೇ ಒಂದು ತೂತಿದೆ: ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸದಿದ್ದರೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಕೊಡುವಂತಿಲ್ಲ. ಬ್ಯಾಗೇ ಕಳುವಾದ ಹೆಂಗಸಿಗೆ ಚೀಟಿ ಎಲ್ಲಿಯದು? ಸುಳ್ಳು ಹೇಳುವವಳಿಗೂ ನಿಜವಾಗಿ ಕಳೆದುಕೊಂಡವಳಿಗೂ ಇದೊಂದೇ ಉತ್ತರ ಸಾಲುತ್ತದೆ, “ಕಾರ್ಡ್ ಹೋಗಿದೆ ಸಾರ್.”

ನಿರ್ದೇಶಕರೇ, ಈ ತೂತು ಮುಚ್ಚುವುದು ನಿಮ್ಮ ಕೈಯಲ್ಲಿದೆ. ಪ್ರತಿ ದೊಡ್ಡ ನಿಲ್ದಾಣದಲ್ಲೂ ಬಸ್ಸುಗಳ ಓಡಾಟ ನೋಡಿಕೊಳ್ಳುವ ಸಂಚಾರ ನಿಯಂತ್ರಕರ ಗೂಡು ಇದ್ದೇ ಇದೆ. ಗುರುತಿನ ಚೀಟಿ ಕಳೆದುಕೊಂಡ ಹೆಂಗಸು ಅಲ್ಲಿಗೆ ಬಂದರೆ, ವಸ್ತು ಕಳೆದುಹೋಗಿದೆ ಎಂದು ಆನ್‌ಲೈನಿನಲ್ಲಿ ತಿಳಿಸಿದಾಗ ಸಿಗುವ ಪೊಲೀಸರ ಇ-ಲಾಸ್ಟ್ ಸ್ವೀಕೃತಿಯನ್ನು ನೋಡಿಯೋ, ಮನೆಯವರು ಫೋನಿಗೆ ಕಳಿಸಿದ ಪಡಿತರ ಚೀಟಿಯ ಚಿತ್ರ ನೋಡಿಯೋ ಒಂದು ಸಲದ ಪ್ರಯಾಣಕ್ಕೆ ಚೀಟಿ ಬರೆದುಕೊಡುವ ಅಧಿಕಾರ ಸಂಚಾರ ನಿಯಂತ್ರಕರಿಗೆ ಕೊಡಿ. ಗಂಡಸರಿಗಾದರೆ ಆ ಗೂಡಿನಲ್ಲೇ ಇನ್ನೊಂದು ಏರ್ಪಾಟು ಸಾಕು: ದಾರಿಹೋಕರು ಕಟ್ಟಿದ ದುಡ್ಡಿಗೆ ಅದೇ ದಿನ, ಅದೇ ಬಸ್ಸಿಗೆ ಮಾತ್ರ ನಡೆಯುವ, ರದ್ದಾಗದ ಟಿಕೆಟ್. ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಟಿಕೆಟ್ಟಿನ ಮೇಲೆ “ಮರುಪಾವತಿ ಇಲ್ಲ” ಎಂದು ಅಚ್ಚಾಗುವಂತೆ ಯಂತ್ರದಲ್ಲೊಂದು ಬದಲಾವಣೆ ಮಾಡಿದರಾಯಿತು.

ಈ ನಡುವೆ ಕಥೆಯ ತುದಿ ಸ್ವಲ್ಪ ಬದಲಾಗಿದೆ. “ನಂಗೆ ಕ್ಯಾಶ್ ಕೊಡಿ, ನಿಮ್ಗೆ ಫೋನ್‌ಪೇ ಮಾಡಿಸ್ತೀನಿ” ಎನ್ನುತ್ತಾರೆ. ಬಂಕಿನ ಹತ್ತಿರ ಬೈಕು ತಳ್ಳಿಕೊಂಡು ಬರುವ ಹುಡುಗನದು ಇದೇ ಮಾತು: ಪೆಟ್ರೋಲ್ ಖಾಲಿ, ಆಪ್ ಓಪನ್ ಆಗ್ತಿಲ್ಲ, ತಮ್ಮನ ಕೈಲಿ ಹಾಕಿಸ್ತೀನಿ. ಇಲ್ಲಿ ಎರಡು ಅಪಾಯಗಳಿವೆ, ಜನಕ್ಕೆ ಮೊದಲನೆಯದಷ್ಟೇ ಗೊತ್ತು. ಹಸಿರು ಟಿಕ್ಕಿನ ಪರದೆ ತೋರಿಸುವ ನಕಲಿ ಆಪ್‌ಗಳಿವೆ, ಹಾಗಾಗಿ ಅವರ ಫೋನಿನ ಪರದೆ ನಂಬದೆ ನಿಮ್ಮ ಬ್ಯಾಂಕಿನ ಬಾಕಿಯನ್ನೇ ನೋಡಬೇಕು. ಎರಡನೆಯದು ಹೆಚ್ಚು ಕೆಟ್ಟದ್ದು. ದುಡ್ಡು ನಿಜವಾಗಿಯೂ ಬರುತ್ತದೆ. ಆದರೆ ಅದು ಎಲ್ಲೋ ಯಾರಿಗೋ ಟೋಪಿ ಹಾಕಿ ಎಗರಿಸಿದ ದುಡ್ಡು. ಅವರು ದೂರು ಕೊಟ್ಟಾಗ ಜಾಡು ನಿಮ್ಮ ಖಾತೆಗೆ ಬಂದು ನಿಲ್ಲುತ್ತದೆ, ಬ್ಯಾಂಕು ಆ ಮೊತ್ತವನ್ನು, ಕೆಲವೊಮ್ಮೆ ಇಡೀ ಖಾತೆಯನ್ನು ತಡೆಹಿಡಿಯುತ್ತದೆ. ಐನೂರು ರೂಪಾಯಿಯ ಉಪಕಾರಕ್ಕೆ ಸಂಬಳದ ಖಾತೆ ಬಿಡಿಸಿಕೊಳ್ಳಲು ಬೇರೆ ರಾಜ್ಯದ ಠಾಣೆಯೊಂದಿಗೆ ಪತ್ರವ್ಯವಹಾರ ಮಾಡಬೇಕಾಗುತ್ತದೆ. ಅಪರಿಚಿತರಿಗೆ ನಗದು ಕೊಟ್ಟು ಯುಪಿಐ ಪಡೆಯಬೇಡಿ. ಪೆಟ್ರೋಲ್ ಬೇಕೆಂದರೆ ಬಂಕಿಗೆ ನಡೆದು ಒಂದು ಲೀಟರ್ ಹಾಕಿಸಿಕೊಡಿ.

ಫೋನು ಕೊಡುವುದರಲ್ಲೂ ಹುಷಾರು. ಮನೆಗೆ ಕರೆ ಮಾಡಬೇಕು ಎಂದರೆ ನಂಬರ್ ಕೇಳಿ ನೀವೇ ಒತ್ತಿ, ಸ್ಪೀಕರಿನಲ್ಲಿ ಇಡಿ, ಫೋನು ಕೈಬಿಡಬೇಡಿ. ನಕ್ಷತ್ರ ಚಿಹ್ನೆಯ ಜೊತೆ 401 ಅಥವಾ 21 ಸೇರಿಸಿ ಒತ್ತಿ ಎಂದರೆ ಅದು ನಿಮ್ಮ ಕರೆಗಳನ್ನು ಬೇರೆ ನಂಬರಿಗೆ ತಿರುಗಿಸುವ ಸಂಕೇತ; ಆಮೇಲೆ ಒಟಿಪಿ ಹೇಳುವ ಕರೆಗಳೂ ಅಲ್ಲಿಗೇ ಹೋಗುತ್ತವೆ. ನಿಜವಾಗಿ ಸಿಕ್ಕಿಹಾಕಿಕೊಂಡವರು ಮನೆಗೆ ಕರೆ ಹೋಗುತ್ತದೆಂದರೆ ಸಮಾಧಾನಪಡುತ್ತಾರೆ. “ಮನೇಲಿ ಯಾರೂ ಫೋನ್ ಎತ್ತಲ್ಲ, ದುಡ್ಡೇ ಕೊಟ್ಬಿಡಿ” ಎಂದು ಅಡ್ಡ ಹಾಕಿದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಬಹುದು.

ಹಸಿವಿನ ಕಥೆಗೆ ಉತ್ತರ ಸುಲಭ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ತಲೆಯ ಮೇಲೊಂದು ಗಂಟು. “ಹಿಂದಿ ಆತಾ ಹೈ ಕ್ಯಾ?” ಎಂದು ಶುರು. ಕೆಲಸಕ್ಕೆಂದು ಕರೆತಂದ ಮೇಸ್ತ್ರಿ ಕೂಲಿ ಕೊಡದೆ ಓಡಿಹೋದ, ಮಕ್ಕಳು ಎರಡು ದಿನದಿಂದ ಉಂಡಿಲ್ಲ. ಇಂಥದ್ದು ನಿಜವಾಗಿಯೂ ನಡೆಯುತ್ತದೆ, ಕಟ್ಟಡದ ಕೆಲಸ ಬಲ್ಲವರನ್ನು ಕೇಳಿ. ಹತ್ತಿರದ ಇಂದಿರಾ ಕ್ಯಾಂಟೀನ್ ತೆರೆದಿದ್ದರೆ ತಲಾ ಹತ್ತು ರೂಪಾಯಿಗೆ ಊಟ, ತಿಂಡಿಯಾದರೆ ಐದು. ನಾಲ್ವರಿಗೆ ನಲವತ್ತು ರೂಪಾಯಿ. ಮುಚ್ಚಿದ್ದರೆ ಯಾವುದಾದರೂ ದರ್ಶಿನಿಯಲ್ಲಿ ಇಡ್ಲಿ ಕೊಡಿಸಿ, ಪಾರ್ಸೆಲ್ ಅಲ್ಲ, ಅಲ್ಲೇ ತಿನ್ನಲಿ. ಅಲ್ಲಿನ ಹೂವಿನವರನ್ನೋ ಟೀ ಅಂಗಡಿಯವರನ್ನೋ ಒಂದು ಮಾತು ಕೇಳುವುದೂ ಒಳ್ಳೆಯದು. ದಿನವೂ ಅದೇ ಮೂಲೆಯಲ್ಲಿ ನಿಲ್ಲುವವರು ಯಾರು, ಇವತ್ತಷ್ಟೇ ಬಂದವರು ಯಾರು ಎಂಬ ಲೆಕ್ಕ ಅವರ ಹತ್ತಿರ ಇರುತ್ತದೆ.

ವಸ್ತು ಕೊಡಿಸಿದರೆ ಮೋಸ ಹೋಗುವುದಿಲ್ಲ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಕಂಕುಳಲ್ಲಿ ಕೂಸು ಹಿಡಿದ ತಾಯಿ “ದುಡ್ಡು ಬೇಡಪ್ಪ, ಮಗೂಗೆ ಹಾಲಿನ ಪುಡಿ ಕೊಡ್ಸು” ಎಂದರೆ ಯಾರ ಕರುಳು ಚುರುಕ್ ಎನ್ನುವುದಿಲ್ಲ? ಕೇಳುವುದು ಇಂಥದ್ದೇ ಅಂಗಡಿಯಲ್ಲಿ, ಇಂಥದ್ದೇ ಕಂಪನಿಯ 400 ಗ್ರಾಂ ಡಬ್ಬಿ. ಸೀಲು ಒಡೆಯದ ಡಬ್ಬಿ ನೀವು ಹೋದ ಮೇಲೆ ಅದೇ ಅಂಗಡಿಗೆ ಕಡಿಮೆ ಬೆಲೆಗೆ ಮರಳುತ್ತದೆ, ಅಂಗಡಿಯವನೂ ಪಾಲುದಾರ. ಅದಕ್ಕೇ ಬೇರೆ ಅಂಗಡಿಗೆ ಕರೆದುಕೊಂಡು ಹೋಗಿ, ಅಲ್ಲೇ ಡಬ್ಬಿಯ ಒಳಗಿನ ಹಾಳೆ ಹರಿದು ಕೊಡಿ, ಬಿಲ್ಲು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ನಿಜವಾದ ತಾಯಿಗೆ ಒಡೆದ ಡಬ್ಬಿ ಕೊಟ್ಟರೂ ಅಷ್ಟೇ ಉಪಯೋಗ. ಔಷಧಿ ಚೀಟಿಗೂ ಇದೇ ನಿಯಮ. ಮಾಸಿದ, ಮಡಿಕೆ ಬಿದ್ದು ಹರಿದ ಚೀಟಿಯ ತಾರೀಖು ಓದಿ, ಆರು ತಿಂಗಳ ಹಿಂದಿನ ಆ್ಯಂಟಿಬಯೋಟಿಕ್ ಇವತ್ತು ಯಾರಿಗೂ ಬೇಡ. ಕೊಡಿಸುವುದಾದರೆ ಎರಡು ದಿನಕ್ಕೆ ಬೇಕಾದಷ್ಟು ಮಾತ್ರೆ, ಪಟ್ಟಿ ಕತ್ತರಿಸಿದ್ದು.

ಕೂಸು ಸಂತೆಯ ಗದ್ದಲದಲ್ಲೂ ಮಿಸುಕದೆ ಗಂಟೆಗಟ್ಟಲೆ ಮಲಗಿದ್ದರೆ, ಅಥವಾ ಒಂದೇ ಕೂಸು ಬೇರೆ ಬೇರೆ ಮಡಿಲಲ್ಲಿ ಕಂಡರೆ, ದುಡ್ಡೂ ಬೇಡ, ಪ್ರಶ್ನೆಯೂ ಬೇಡ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಜಾಗ ಹೇಳಿ. ಮಕ್ಕಳನ್ನು ಭಿಕ್ಷೆಗೆ ಹಚ್ಚುವುದು ಬಾಲನ್ಯಾಯ ಕಾಯ್ದೆಯ 76ನೇ ಕಲಮಿನಡಿ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡದ ಅಪರಾಧ.

ಈಗ ಆಸ್ಪತ್ರೆ. ಮೋಸದ ಮೊತ್ತ ಇನ್ನೂರಿನಿಂದ ಲಕ್ಷಕ್ಕೆ ಜಿಗಿಯುವುದು ಇಲ್ಲೇ.

ವಾಟ್ಸ್‌ಆ್ಯಪಿನಲ್ಲಿ ಒಂದು ಚಿತ್ರ ಬರುತ್ತದೆ. ಮೂಗಿಗೆ ನಳಿಕೆ ಹಾಕಿಸಿಕೊಂಡ ಮಗು, ದೊಡ್ಡ ಆಸ್ಪತ್ರೆಯೊಂದರ ಹೆಸರು, ಬೇಕಾದ ಮೊತ್ತ, ಕೆಳಗೆ ಕ್ಯೂಆರ್. ಇದರಲ್ಲಿ ಪೂರ್ತಿ ಕಟ್ಟುಕಥೆ ಇರುವುದು ಕಡಿಮೆ. ಮಗು ನಿಜ, ಕಾಯಿಲೆ ನಿಜ, ಆಸ್ಪತ್ರೆ ನಿಜ, ಕ್ಯೂಆರ್ ಮಾತ್ರ ಬೇರೆಯವರದು. ಹಳೆಯ ಮನವಿಯ ಮೇಲೆ ಹೊಸ ಕ್ಯೂಆರ್ ಅಂಟಿಸಲು ಐದು ನಿಮಿಷ ಸಾಕು. ಎಸ್‌ಎಂಎ ಎಂಬ ಸ್ನಾಯು ಕಾಯಿಲೆಯ ಮಕ್ಕಳಿಗೆ 16 ಕೋಟಿ ರೂಪಾಯಿಯ ಚುಚ್ಚುಮದ್ದು ಬೇಕೆಂಬ ಮನವಿಗಳನ್ನು ನೆನಪಿಸಿಕೊಳ್ಳಿ. ಆ ಜೀನ್ ಚಿಕಿತ್ಸೆಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿದ್ದು ಎರಡು ವರ್ಷದೊಳಗಿನ ಮಕ್ಕಳಿಗೆ. ಅಂದಮೇಲೆ ನಾಲ್ಕು ವರ್ಷದ ಹಿಂದಿನ ಚಿತ್ರದ ಕೂಸು ಇವತ್ತೂ ಒಂದೂವರೆ ವರ್ಷದ್ದಾಗಿಯೇ ಉಳಿದಿದ್ದರೆ ಆ ಮನವಿಗೆ ಯಾರೋ ಹೊಸ ಒಡೆಯ ಬಂದಿದ್ದಾನೆ ಎಂದರ್ಥ. ಆ ಮಗುವಿನ ಅಪ್ಪ ಅಮ್ಮನಿಗೆ ಇದು ಗೊತ್ತೂ ಇರುವುದಿಲ್ಲ.

ಪರೀಕ್ಷೆಗೆ ಹತ್ತು ನಿಮಿಷ ಸಾಕು. ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸಿಗೆ ಅದನ್ನು ಹಾಕಿ, ಹಿಂದೆ ಯಾವಾಗ, ಯಾವ ಹೆಸರಿನಲ್ಲಿ ಬಂದಿತ್ತೆಂದು ನೋಡಿ. ಆಸ್ಪತ್ರೆಯ ಅಂದಾಜು ಪತ್ರ ಲಗತ್ತಾಗಿದ್ದರೆ ಅದರಲ್ಲಿ ತಾರೀಖು, ಒಳರೋಗಿ ಸಂಖ್ಯೆ, ವೈದ್ಯರ ಹೆಸರು ಮತ್ತು ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇವೆಯೇ? ಆಸ್ಪತ್ರೆಗೆ ಕರೆ ಮಾಡಿ, ಆದರೆ ಚಿತ್ರದಲ್ಲಿರುವ ನಂಬರಿಗಲ್ಲ, ಆಸ್ಪತ್ರೆಯ ಸ್ವಂತ ಜಾಲತಾಣದಲ್ಲಿರುವ ನಂಬರಿಗೆ. ಬಿಲ್ಲಿಂಗ್ ವಿಭಾಗವನ್ನೋ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನೋ ಕೇಳಿ. ಕಾಯಿಲೆಯ ವಿವರ ಅವರು ಹೇಳುವುದಿಲ್ಲ, ಹೇಳಲೂಬಾರದು. ನೀವು ಕೇಳಬೇಕಾದದ್ದು ಒಂದೇ: “ಈ ಒಳರೋಗಿ ಸಂಖ್ಯೆಯ ಬಿಲ್ಲಿಗೆ ನಾನು ನೇರವಾಗಿ ದುಡ್ಡು ಕಟ್ಟಬಹುದೇ?” ಹೌದೆಂದರೆ ಅಲ್ಲಿಗೇ ಕಟ್ಟಿ, ರಸೀದಿ ಪಡೆಯಿರಿ. ಅಂಥ ರೋಗಿಯೇ ಇಲ್ಲವೆಂದರೆ ಕಥೆ ಮುಗಿಯಿತು.

ಯುಪಿಐ ಮೂಲಕವೇ ಕಳಿಸಬೇಕೆಂದರೆ ಪಿನ್ ಒತ್ತುವ ಮೊದಲು ಪರದೆಯ ಮೇಲಿನ ಹೆಸರು ಓದಿ. 2025ರ ಜೂನ್ 30ರಿಂದ ಯುಪಿಐ ಆಪ್‌ಗಳು ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕೆಂಬ ನಿಯಮ ಬಂದಿದೆ. ದಾವಣಗೆರೆಯ ಮಗುವಿನ ಮನವಿಗೆ ಬೇರೆಲ್ಲಿಯದೋ ಟ್ರೇಡರ್ಸ್ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. ಹೆಸರು ಹೊಂದಿದ ಮಾತ್ರಕ್ಕೆ ನಿಜವೆಂದೂ ಅಲ್ಲ, ಹೊಂದದಿದ್ದರೆ ಮಾತ್ರ ಖಂಡಿತ ಪ್ರಶ್ನೆ ಕೇಳಬೇಕು.

ಇನ್ನೊಂದು ಪ್ರಶ್ನೆ ಮೃದುವಾಗಿ ಕೇಳಿ: ಆಯುಷ್ಮಾನ್ ಕಾರ್ಡ್ ಮಾಡಿಸಿದ್ದೀರಾ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಂತೆ ಒಂದೂವರೆ ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. 70 ದಾಟಿದವರಿಗೆ 2024ರ ಅಕ್ಟೋಬರಿನಿಂದ ಆದಾಯ ಎಷ್ಟೇ ಇರಲಿ ಕೇಂದ್ರದ ಯೋಜನೆ ತೆರೆದಿದೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಇದಕ್ಕೆ ನೆರವಾಗಲೆಂದೇ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಕೂತಿರುತ್ತಾರೆ. ರಸ್ತೆ ಅಪಘಾತವಾದರೆ 2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರದ ಯೋಜನೆಯಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆ. ಅಪರೂಪದ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿಯಡಿ ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷದವರೆಗೆ ನೆರವಿದೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿದ ಮಾನವ ತಳಿವಿಜ್ಞಾನ ಕೇಂದ್ರ ಅಂಥದ್ದೊಂದು. ಇಂಥ ರೋಗಿಗಳಿಗೆ ದೇಣಿಗೆ ಕೊಡಲು ಕೇಂದ್ರ ಆರೋಗ್ಯ ಇಲಾಖೆಯದೇ ಜಾಲತಾಣವೂ ಇದೆ, ಅಲ್ಲಿ ಕ್ಯೂಆರ್ ಬದಲಾಯಿಸುವ ಭಯವಿಲ್ಲ. ನಿಜವಾಗಿ ಪರದಾಡುತ್ತಿರುವ ಮನೆಯವರಿಗೆ ನಿಮ್ಮ ಐನೂರಕ್ಕಿಂತ ಈ ಒಂದು ಪ್ರಶ್ನೆಯೇ ದೊಡ್ಡ ಉಪಕಾರವಾಗಬಹುದು. ಸುಳ್ಳುಗಾರನಿಗೆ ಇದು ಕಿರಿಕಿರಿ, “ಅದೆಲ್ಲ ಆಗಲ್ಲ ಸಾರ್, ಇವತ್ತೇ ಕಟ್ಬೇಕು” ಎಂದು ಜಾರಿಕೊಳ್ಳುತ್ತಾನೆ.

“ಬಿಲ್ಲು ಕಟ್ಟದೆ ಹೆಣ ಬಿಡ್ತಿಲ್ಲ, ನಲವತ್ತು ಸಾವಿರ ಬೇಕು.” ಇದಕ್ಕಿಂತ ಮನಸ್ಸು ಕಲಕುವ ಮಾತಿಲ್ಲ, ಅದಕ್ಕೇ ಇದು ಹೆಚ್ಚು ಚಾಲ್ತಿಯಲ್ಲಿದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಂತೆ ಬಾಕಿಗಾಗಿ ಮೃತದೇಹ ತಡೆಹಿಡಿಯುವಂತಿಲ್ಲ. ಕಥೆ ನಿಜವಾದರೆ ಬೇಕಾದದ್ದು ನಲವತ್ತು ಸಾವಿರವಲ್ಲ, ಪೊಲೀಸರ 112ಕ್ಕೆ ಒಂದು ಕರೆ ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ದೂರು. ಆ ಎರಡನ್ನೂ ನೀವೇ ಮಾಡಿಕೊಡಿ.

ವೈದ್ಯಕೀಯ ಅಧೀಕ್ಷಕರೇ, ನಿಮ್ಮಲ್ಲಿ ನಮ್ಮದು ಎರಡು ಕೋರಿಕೆ. ಒಳರೋಗಿ ಸಂಖ್ಯೆ ಹೇಳಿ ಯಾರು ಬೇಕಾದರೂ ಬಿಲ್ಲಿನ ಬಾಬ್ತು ದುಡ್ಡು ಕಟ್ಟಲು ಜಾಲತಾಣದಲ್ಲಿ ಒಂದು ಪುಟ ಇಡಿ. ಹೆಚ್ಚಾದ ಮೊತ್ತ ಕಟ್ಟಿದವರ ಖಾತೆಗೇ ಮರಳಲಿ, ರೋಗಿಯ ಕಡೆಯವರ ಕೈಗೆ ನಗದಾಗಿ ಹೋಗದಿರಲಿ. ಬಿಲ್ಲಿಗಿಂತ ಹೆಚ್ಚು ಸಂಗ್ರಹಿಸಿ ಉಳಿದದ್ದನ್ನು ವಾಪಸ್ ಪಡೆಯುವ ದಾರಿ ಅಲ್ಲಿಯೇ ಮುಚ್ಚುತ್ತದೆ. ನಿಮ್ಮ ಲೆಟರ್‌ಹೆಡ್ಡಿನ ಅಂದಾಜು ಪತ್ರದ ಮೇಲೆ, ಅದು ನಿಜವೇ ಎಂದು ವಿಚಾರಿಸಬಹುದಾದ ಒಂದು ಸ್ಥಿರ ದೂರವಾಣಿ ಸಂಖ್ಯೆಯನ್ನೂ ಅಚ್ಚು ಹಾಕಿಸಿ. ಹಲವು ಆಸ್ಪತ್ರೆಗಳಲ್ಲಿ ಇವತ್ತು ಇಂಥ ಕರೆ ಬಂದರೆ ಸ್ವಾಗತ ಕೌಂಟರಿನಿಂದ ಬಿಲ್ಲಿಂಗಿಗೆ, ಬಿಲ್ಲಿಂಗಿನಿಂದ ವಾರ್ಡಿಗೆ ಹಾರಿ, ಕೊನೆಗೆ ಕಟ್ಟಾಗುತ್ತದೆ.

ಫೋನಿನಲ್ಲಿ ಬರುವ ಇನ್ನೊಂದು ಆಟವನ್ನು ಚುಟುಕಾಗಿ ಹೇಳುತ್ತೇವೆ. “ಅಪ್ಪನ ಆಪರೇಷನ್ನಿಗೆ ಹಾಕೋ ದುಡ್ಡು ತಪ್ಪಿ ನಿಮ್ಮ ನಂಬರಿಗೆ ಬಂದಿದೆ, ದಯವಿಟ್ಟು ವಾಪಸ್ ಕಳ್ಸಿ” ಎಂದು ಅಳುವ ದನಿ. ಜೊತೆಗೇ ನಿಮ್ಮ ಖಾತೆಗೆ 25,000 ಜಮಾ ಆಯಿತೆಂಬ ಸಂದೇಶ. ಆ ಸಂದೇಶ ಹತ್ತು ಅಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ ಬಂದಿರುತ್ತದೆ. ಬ್ಯಾಂಕಿನ ಸಂದೇಶ ಅಕ್ಷರಗಳ ಹೆಸರಿನಿಂದಲೇ ಬರುತ್ತದೆ. ಬಾಕಿ ನೋಡಿ, ಜಮಾ ಆಗಿರುವುದಿಲ್ಲ. ನಿಜವಾಗಿ ಆಗಿದ್ದರೂ ನೀವಾಗಿ ಕಳಿಸಬೇಡಿ, “ನಿಮ್ಮ ಬ್ಯಾಂಕಿಗೆ ದೂರು ಕೊಡಿ, ನನ್ನ ಬ್ಯಾಂಕು ಮರಳಿಸುತ್ತದೆ” ಎಂದು ಹೇಳಿ ಇಟ್ಟುಬಿಡಿ.

ಮೋಸ ಹೋದ ಮೇಲೆ ಜನ ಮಾಡುವ ದೊಡ್ಡ ತಪ್ಪು ನಾಚಿಕೆಯಿಂದ ಸುಮ್ಮನಿರುವುದು. ಆನ್‌ಲೈನ್ ಪಾವತಿಯಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ; ದುಡ್ಡು ಮುಂದಿನ ಖಾತೆಗೆ ಹಾರುವುದಕ್ಕೆ ಮೊದಲೇ ತಡೆಯಲು ನಿಮಿಷಗಳಷ್ಟೇ ಇರುತ್ತವೆ. ಕೈಯಲ್ಲಿ ಇರಬೇಕಾದದ್ದು ಆ ಪಾವತಿಯ ಗುರುತಾದ 12 ಅಂಕಿಯ ಯುಟಿಆರ್ ಸಂಖ್ಯೆ, ಎದುರಿನವರ ಯುಪಿಐ ಐಡಿ, ಪಾವತಿಯ ಸಮಯ, ನಿಮ್ಮ ಬ್ಯಾಂಕಿನ ಹೆಸರು. ಸಿಟ್ಟಿನಲ್ಲಿ ಸಂದೇಶಗಳನ್ನು ಅಳಿಸಬೇಡಿ, ಅವೇ ಪುರಾವೆ. ನೀವೇ ಪಿನ್ ಒತ್ತಿ ಕಳಿಸಿದ್ದಕ್ಕೆ ಸಾಮಾನ್ಯವಾಗಿ ಬ್ಯಾಂಕು ಹೊಣೆ ಹೊರುವುದಿಲ್ಲ ಎಂಬುದೂ ಗೊತ್ತಿರಲಿ. 2024ರ ಜುಲೈ 1ರಿಂದ ವಂಚನೆಗೆ 420 ಇಲ್ಲ, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ಇದೆ, ಊರಿನ ಮಾತಿನಲ್ಲಿ ಫೋರ್‌ಟ್ವೆಂಟಿ ಹಾಗೇ ಉಳಿದರೂ.

ಆಯುಕ್ತರೇ, ಇನ್ನೂರು ರೂಪಾಯಿಗೆ ಯಾರೂ ಉಪ್ಪಾರಪೇಟೆ ಠಾಣೆ ಮೆಟ್ಟಿಲು ಹತ್ತುವುದಿಲ್ಲ. ಹತ್ತಲೂ ಬೇಕಿಲ್ಲ. ಅದೇ ಮುಖ, ಅದೇ ಕಥೆ, ಅದೇ ಮೂಲೆ ಎಂಬ ಮಾಹಿತಿಯನ್ನು ದೂರಿನ ರೂಪವಿಲ್ಲದೆ ಪಡೆಯಲು ನಿಲ್ದಾಣದ ಹೊರಠಾಣೆಯಲ್ಲಿ ಒಂದು ಪುಸ್ತಕ ಇಡಿಸಿ. ಐದಾರು ಜನ ಬರೆದ ಮೇಲೆ ಹೊಯ್ಸಳ ಗಸ್ತು ವಾಹನದ ಪೊಲೀಸರು ವಿಚಾರಿಸಲಿ. ಹಿಡಿದು ಲಾರಿ ತುಂಬಿಸುವ ಹಳೆಯ ಪದ್ಧತಿಗೆ ಮಾತ್ರ ಹೋಗಬೇಡಿ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ತುಂಬಿದವರಲ್ಲಿ ಎಷ್ಟೋ ಜನ 2010ರ ಆಗಸ್ಟಿನಲ್ಲಿ ಅಲ್ಲೇ ಸತ್ತರು. ಹೀಗೆ ಹಿಡಿದಾಗ ಸಿಕ್ಕಿಬೀಳುವವರು ನಿರ್ಗತಿಕರು. ಇಸ್ತ್ರಿ ಬಟ್ಟೆಯ ಸುಳ್ಳುಗಾರ ಲಾರಿ ಕಂಡೊಡನೆ ಪ್ರಯಾಣಿಕನಾಗಿಬಿಡುತ್ತಾನೆ.

ಸಾರ್ವಜನಿಕರಿಗೂ ಇದೇ ಮಾತು. ಅನುಮಾನ ಬಂದವರನ್ನು ಸುತ್ತುವರಿದು ವಿಡಿಯೊ ಮಾಡಿ, “ಹುಷಾರ್, ಇಂಥವರು ನಿಮ್ಮ ಏರಿಯಾಗೂ ಬರ್ತಾರೆ” ಎಂದು ಹಂಚುವುದು ಬೇಡ. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳನೆಂಬ ವದಂತಿಗೆ ಹೊರರಾಜ್ಯದಿಂದ ದುಡಿಯಲು ಬಂದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಅದಕ್ಕೆ ಕಾರಣವಾದದ್ದು ಹೀಗೆ ಹಂಚಿದ ಸಂದೇಶಗಳೇ. ಕೊಡುವುದಿಲ್ಲವೆಂದರೆ “ಇಲ್ಲಪ್ಪ” ಎಂದು ನಡೆಯಿರಿ, ಬೈಯುವ ಹಕ್ಕು ನಮಗಿಲ್ಲ. ಅಪಾತ್ರ ದಾನದ ಪಾಪಕ್ಕೆ ಹೆದರಿ ದಾನವನ್ನೇ ಬಿಟ್ಟವರೂ ನಮ್ಮಲ್ಲಿದ್ದಾರೆ, ಅವರಿಗೆ ಈ ಪತ್ರದಲ್ಲಿ ಸಮರ್ಥನೆ ಸಿಗದಿರಲಿ.

ಖರ್ಚಿನ ಮಾತು ಬರುತ್ತದೆ, ಗೊತ್ತು. ನಗರದ ಪ್ರತಿ ಮನೆಯೂ ಆಸ್ತಿ ತೆರಿಗೆಯ ಜೊತೆ ಶೇ 3ರಷ್ಟು ಭಿಕ್ಷುಕರ ಉಪಕರ ಕಟ್ಟುತ್ತಿದೆ. ಈಗಿರುವ ಐದು ಪಾಲಿಕೆಗಳು ಸಂಗ್ರಹಿಸುವ ಆ ಹಣದಲ್ಲಿ ಒಂದಷ್ಟು ಫಲಕಗಳಿಗೆ ಬಣ್ಣ ಬಳಿಸುವುದು ಹೊರೆಯಾಗಲಾರದು. ಫಲಕ ಆರಡಿಗೆ ನಾಲ್ಕಡಿ ಇರಲಿ. ಮೆಜೆಸ್ಟಿಕ್ಕಿನ ಸುರಂಗದಾರಿಯ ಎರಡೂ ಬಾಯಿಗಳಲ್ಲಿ, ಸ್ಯಾಟಲೈಟ್, ಶಾಂತಿನಗರ, ಯಶವಂತಪುರದಲ್ಲಿ, ಎಟಿಎಮ್ಮುಗಳ ಪಕ್ಕದಲ್ಲಿ ಕಣ್ಣಿನ ಮಟ್ಟಕ್ಕೆ ನಿಲ್ಲಿಸಿ. ಕನ್ನಡ ಮೇಲೆ ದೊಡ್ಡದಾಗಿ, ಕೆಳಗೆ ಹಿಂದಿ, ತಮಿಳು, ತೆಲುಗು, ಬಾಂಗ್ಲಾ, ಏಕೆಂದರೆ ಪರ್ಸು ಎಲ್ಲ ಭಾಷೆಯವರದೂ ಕಳೆಯುತ್ತದೆ. ಬರೆಯಬೇಕಾದದ್ದು ಇಷ್ಟು:

“ದುಡ್ಡು ಕಳೆದುಕೊಂಡಿರಾ? ಊರಿಗೆ ಹೋಗಬೇಕೇ? ಸಂಚಾರ ನಿಯಂತ್ರಕರ ಕೊಠಡಿಗೆ ಬನ್ನಿ, ಬಾಣದ ಗುರುತು ನೋಡಿ. ಮನೆಗೆ ಉಚಿತವಾಗಿ ಫೋನ್ ಮಾಡಿಕೊಡುತ್ತೇವೆ. ಪೊಲೀಸ್ 112, ಮಹಿಳೆಯರಿಗೆ 181, ಮಕ್ಕಳಿಗೆ 1098, ಹಿರಿಯರಿಗೆ 14567, ಆಂಬುಲೆನ್ಸ್ 108. ಸಹಾಯ ಮಾಡುವವರೇ, ನಗದು ಕೊಡಬೇಡಿ. ಇದೇ ಕೊಠಡಿಯಲ್ಲಿ ಅವರ ಹೆಸರಿಗೆ ಟಿಕೆಟ್ ಕೊಡಿಸಿ.”

ಇಂತಿ,
ಬೆಂಗಳೂರಿನ ನಿಲ್ದಾಣ, ಆಸ್ಪತ್ರೆಗಳಲ್ಲಿ ಸಹಾಯದ ಕೋರಿಕೆಗಳನ್ನು ಪರಿಶೀಲಿಸುವ ಕೆಲವು ಸ್ವಯಂಸೇವಕರು